ನನ್ನ ಮುಷ್ಟಿಗೆ ಹಕ್ಕುದಾರರು

ಬಲಗೈ ಮುಷ್ಟಿ ಪೂರ್ತಿ ಮುಚ್ಚುವಂತಾಗಲು ನನಗೆ ಎರಡು ವರ್ಷ ಹಿಡಿಯಿತು. ಅದನ್ನು ಮುಚ್ಚಿಸಿದ್ದು ತಾವೇ ಎನ್ನುವವರು ಡೊಂಬಿವಲಿಯ ನಮ್ಮ ಒಂದೇ ಬಿಲ್ಡಿಂಗಿನಲ್ಲಿ ನಾಲ್ಕು ಜನ ಇದ್ದರು. ಗುಳಿಗೆ ಬರೆದುಕೊಟ್ಟ ಥಾಣೆಯ ಡಾಕ್ಟರು ಮಾತ್ರ ಆ ಸಾಲಿನಲ್ಲಿ ನಿಂತದ್ದನ್ನು ನಾನು ನೋಡಲಿಲ್ಲ.

ನನ್ನದು ಸಂಧಿವಾತ. ವಯಸ್ಸಾದವರ ಗಂಟುನೋವಲ್ಲ, ಮೈಯನ್ನು ಕಾಯಬೇಕಾದ ಶಕ್ತಿಯೇ ತಲೆಕೆಟ್ಟು ಮನೆಯವರನ್ನೇ ಹಿಡಿದು ಬಡಿಯುವ ಕಾಯಿಲೆ. ಡಾಕ್ಟರು ಇದನ್ನು ವಿವರಿಸಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಸ್ಟೇಷನ್ನಿನ ಮೆಟ್ಟಿಲಿನಿಂದ ವಾಪಸು ಬರುವವಳು ನಾನು. ಇಲ್ಲದ ಕಳ್ಳನನ್ನು ಹುಡುಕುತ್ತಾ ಮನೆಯವರ ನಿದ್ದೆ ಕೆಡಿಸುವುದು ನನ್ನ ಮನಸ್ಸಿನ ಹಳೆಯ ಚಾಳಿ. ಮೈಯೂ ಅದನ್ನೇ ಕಲಿತುಕೊಂಡಿತು, ಅಷ್ಟೆ.

ನಾನೇನೂ ಬರೀ ಗುಳಿಗೆ ನಂಬಿ ಕೂತ ಮಹಾ ಬುದ್ಧಿವಂತೆಯಲ್ಲ. ಬೆಳಿಗ್ಗೆ ಎದ್ದು ಕುಕ್ಕರಿನ ಮುಚ್ಚಳ ತೆಗೆಯಲಾಗದೆ ಗಂಡನನ್ನು ಎಬ್ಬಿಸುವ ಸ್ಥಿತಿಯಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನಿಸುತ್ತದೆ. ಅತ್ತಿಗೆ ಉಡುಪಿಯಿಂದ ಕಳಿಸಿದ ತೈಲ, ಪಕ್ಕದ ಮನೆಯವರು ಉಲ್ಹಾಸನಗರದ ಮಾರ್ಕೆಟ್ಟಿನಿಂದ ತಂದ ತಾಮ್ರದ ಬಳೆ, ಎದುರು ಮನೆಯವರ ಅಮೃತಬಳ್ಳಿಯ ರಸ, ಮೂರನೇ ಮಾಳಿಗೆಯವರು ಹೇಳಿದ ಮೀನೆಣ್ಣೆಯ ಕ್ಯಾಪ್ಸೂಲು, ಎಲ್ಲವೂ ಅಡುಗೆಮನೆಯ ಒಂದು ಕಪಾಟಿನಲ್ಲಿ ತುಂಬಿದವು. ಥಾಣೆಯ ವಾಗ್ಳೆ ಎಸ್ಟೇಟಿನ ಕಂಪೆನಿಯೊಂದರಲ್ಲಿ ನಾನು ಅಕೌಂಟ್ಸ್ ನೋಡುವವಳು. ಹಾಗಾಗಿ ಗಂಡ ಕಪಾಟು ತೆರೆದಾಗಲೆಲ್ಲ "ಸ್ಟಾಕ್ ಚೆಕ್ಕಿಂಗ್ ಯಾವಾಗ ಮಾರಾಯ್ತಿ?" ಎಂದು ಕೇಳುತ್ತಿದ್ದರು. ಒಂದೊಂದು ಮದ್ದಿಗೂ ಒಂದೊಂದು ಪಥ್ಯ ಬೇರೆ. ಊರಿನ ತೈಲ ಹಚ್ಚುವಷ್ಟು ದಿನ ಮೀನು, ಹುಳಿ, ಬದನೆ ಮುಟ್ಟಬಾರದಂತೆ. ಬಂಗುಡೆ ತಿಂದು ಬೆಳೆದ ನಾನು ಬಂಗುಡೆ ಬಿಟ್ಟು, ಯಾವುದೋ ದೇಶದ ಮೀನಿನ ಎಣ್ಣೆಯನ್ನು ಕ್ಯಾಪ್ಸೂಲಿನಲ್ಲಿ ನುಂಗುತ್ತಿದ್ದೆ.

ಇದಕ್ಕೆಲ್ಲ ಮೇಲಿಂದ ಬಂದು ಸೇರಿದ್ದು ಎಲ್ಲ ನೋವಿಗೂ ಮದ್ದೆನ್ನುವ ಹುಡಿಯ ಡಬ್ಬಿ. ಮೇಲಿಂದ ಎಂದರೆ ನಾಲ್ಕನೇ ಮಾಳಿಗೆಯಿಂದ. ಅಲ್ಲಿಯ ಅಕ್ಕ ನಮ್ಮ ಊರ ಕಡೆಯವರು, ಗಂಡನದು ಅಂಬರನಾಥದಲ್ಲಿ ಹೋಟೆಲು. ಒಬ್ಬರು ಇನ್ನಿಬ್ಬರನ್ನು ಸೇರಿಸಿ ಮಾರುವ ಆ ಹುಡಿಯ ಕಂಪೆನಿಗೆ ಅಕ್ಕ ಸೇರಿಕೊಂಡಿದ್ದರು. ಪರವೂರಿನಲ್ಲಿ ತುಳುವಿನಲ್ಲಿ ಮಾತಾಡಿಸುವವರು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ತೆಗೆದುಕೊಂಡೆ.

ಡಾಕ್ಟರು ಒಮ್ಮೆ, ಇನ್ನೇನೇನು ತಗೊಳ್ತೀರಿ ಎಲ್ಲ ತಂದು ತೋರಿಸಿ ಎಂದರು. ಬೈಯುತ್ತಾರೆಂದುಕೊಂಡೇ ಚೀಲ ತುಂಬಿಕೊಂಡು ಹೋದೆ. ಅವರು ಬೈಯಲಿಲ್ಲ. ತೈಲ ಹಿತವಾದರೆ ಹಚ್ಚಿಕೊಳ್ಳಿ ಎಂದರು. ಮೀನೆಣ್ಣೆ ಇರಲಿ. ಬಳೆಯನ್ನು ನೋಡಿ "ಚೆನ್ನಾಗಿದೆ, ಹಾಕಿಕೊಳ್ಳಿ" ಎಂದರು. ಅಮೃತಬಳ್ಳಿ ಮಾತ್ರ ಬೇಡ, ತಾವು ಗುಳಿಗೆಯಿಂದ ತಣ್ಣಗಾಗಿಸಲು ನೋಡುತ್ತಿರುವ ಶಕ್ತಿಯನ್ನೇ ಅದು ಕೆರಳಿಸಬಹುದು, ಲಿವರಿಗೂ ಕಷ್ಟ ಎಂದರು. ಹುಡಿಯ ಡಬ್ಬಿಯನ್ನು ಎಲ್ಲ ಕಡೆ ತಿರುಗಿಸಿ ನೋಡಿ, "ಒಳಗೇನಿದೆ ಅಂತ ಎಲ್ಲೂ ಬರೆದಿಲ್ಲ. ನನಗೆ ಗೊತ್ತಿಲ್ಲದ್ದನ್ನು ನನ್ನ ಗುಳಿಗೆಯ ಪಕ್ಕ ಕೂರಿಸಬೇಡಿ" ಎಂದರು. ಹುಡಿ ಅಟ್ಟಕ್ಕೆ ಹೋಯಿತು. ಊರಿಗೆ ಹೋಗುವ ಸೂಟ್‌ಕೇಸಿನ ಹಿಂದೆ.

ಆಮೇಲೆ ನಡೆದದ್ದು ನನ್ನ ಮತ್ತು ಗುಳಿಗೆಯ ನಡುವಿನ ವ್ಯವಹಾರ. ಪ್ರತಿ ಭಾನುವಾರ ಊಟದ ನಂತರ ಗುಳಿಗೆ, ಸೋಮವಾರ ಬೆಳಗಿನ ಲೋಕಲಿನಲ್ಲಿ ಹೊಟ್ಟೆ ತೊಳೆಸುವುದು, ಬಾಚಣಿಗೆಯಲ್ಲಿ ಕೂದಲು, ಆಗಾಗ ರಕ್ತ ತಪಾಸಣೆ. ರಿಪೋರ್ಟು ಬರುವವರೆಗೆ ನನ್ನ ಲಿವರು ಹೋಯಿತೆಂದೇ ಲೆಕ್ಕ. ಹೀಗೆ ಹೆದರಿ ಹೆದರಿ ಗಳಿಸಿದ ಮುಷ್ಟಿಯಲ್ಲಿ ಒಂದು ದಿನ ನಾನು ನೀರಿನ ಕ್ಯಾನು ಎತ್ತಿಕೊಂಡು ಲಿಫ್ಟಿಗೆ ಬಂದರೆ ಅಕ್ಕ ಎದುರಾದರು.

"ಕಂಡ್ಯಾ? ಹುಡಿ ಕೆಲಸ ಮಾಡ್ತದೆ ಅಂತ ನಾನು ಹೇಳಿರಲಿಲ್ವಾ?"

"ನಾನು ಗುಳಿಗೆ ತಗೊಳ್ತಾ ಇದ್ದೇನಲ್ಲ ಅಕ್ಕ."

"ಗುಳಿಗೆ ಲೋಕವೇ ತಿಂತದೆ. ಲೋಕಕ್ಕೆಲ್ಲ ಗುಣ ಆಗಿದೆಯಾ?"

ಈ ತರ್ಕಕ್ಕೆ ಉತ್ತರ ಹುಡುಕುವಷ್ಟರಲ್ಲಿ ನಾಲ್ಕನೇ ಮಾಳಿಗೆ ಬಂದುಬಿಟ್ಟಿತ್ತು. ನನ್ನದು ಎರಡನೆಯದು.

ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬಳಿದ್ದಳು. ಮೂವತ್ತು ದಾಟಿರಬೇಕು, ಮಗಳು ಶಾಲೆಗೆ ಹೋಗುತ್ತಿದ್ದಳು. ಆಕೆ ಜೋಳದ ರೊಟ್ಟಿ ಬಡಿದು ಸುತ್ತಲಿನ ಕನ್ನಡದ ಮನೆಗಳಿಗೆ, ಎರಡು ಖಾನಾವಳಿಗಳಿಗೆ ಕೊಡುತ್ತಿದ್ದಳು. ಬೆಳಿಗ್ಗೆ ಅವಳ ಅಂಗೈಯ ಪಟ ಪಟ ಸದ್ದು ಪೈಪುಗಳಿರುವ ಸಂದಿಯಿಂದ ಮೇಲೇರಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಆ ಸದ್ದು ಎಡವತೊಡಗಿದಾಗ ನಾನೇ ಕೆಳಗಿಳಿದು ಹೋಗಿ ನೋಡಿದೆ. ಬೆರಳ ಗೆಣ್ಣುಗಳು ಬಾತಿದ್ದವು. ನನ್ನ ಡಾಕ್ಟರ ಹತ್ತಿರವೇ ಕಳಿಸಿದೆ. ಅದೇ ಕಾಯಿಲೆ, ಅದೇ ಗುಳಿಗೆ. ಎರಡು ತಿಂಗಳಲ್ಲಿ ಸದ್ದು ಸ್ವಲ್ಪ ಸುಧಾರಿಸಿತು. ಆಮೇಲೆ ನಿಂತೇಹೋಯಿತು. ಮಗಳನ್ನು ಕರೆದುಕೊಂಡು ಊರಿಗೆ ಹೋಗಿರಬೇಕು ಅಂದುಕೊಂಡೆ. ಬೇಡದ್ದಕ್ಕೆಲ್ಲ ಚಿಂತೆ ಮಾಡುವವಳಿಗೆ ಬೇಕಾದಾಗ ಚಿಂತೆ ಬರಲಿಲ್ಲ ನೋಡಿ.

ಆಗ ನಾಲ್ಕನೇ ಮಾಳಿಗೆಯ ಅಕ್ಕ, ಪಕ್ಕದ ಕಲ್ಯಾಣ್ ಊರಿನಲ್ಲಿ ಅರಿಸಿನ ಕುಂಕುಮ ಇದೆ, ಬಾ ಎಂದು ಕರೆದರು. ಹೋಗಿ ನೋಡಿದರೆ ಮದುವೆಯ ಹಾಲ್, ಸ್ಟೇಜಿನ ಮೇಲೆ ಗೋಪುರದ ಹಾಗೆ ಪೇರಿಸಿದ ಡಬ್ಬಿಗಳು, ಮೈಕು ಹಿಡಿದ ಟೈ ಕಟ್ಟಿದ ಮನುಷ್ಯ. ಅರಿಸಿನವೇನೋ ಇತ್ತು, ಡಬ್ಬಿಯ ಮೇಲಿನ ಚಿತ್ರದಲ್ಲಿ. ಅಕ್ಕ ನನ್ನ ಕೈ ಹಿಡಿದು ಸ್ಟೇಜಿಗೆ ಹತ್ತಿಸಿದರು. "ಮುಷ್ಟಿ ಕಟ್ಟಿ ಎತ್ತಿ ತೋರಿಸು, ಅಷ್ಟೇ ಸಾಕು" ಎಂದು ಕಿವಿಯಲ್ಲಿ ಹೇಳಿದರು. ನಾನು ಮುಷ್ಟಿ ಎತ್ತಿದೆ. ಚಪ್ಪಾಳೆ. ಮೂರನೇ ಸಾಲಿನಲ್ಲಿ ರೊಟ್ಟಿಯವಳು ಕೂತಿದ್ದಳು. ಅಂಗೈಗೆ ಅಂಗೈ ತಾಗಿಸಲಾಗದೆ ಮಣಿಕಟ್ಟಿಗೆ ಮಣಿಕಟ್ಟು ಬಡಿದು ಚಪ್ಪಾಳೆ ಹೊಡೆಯುತ್ತಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಮೈಕು ಎಳೆದುಕೊಂಡು, ಇಷ್ಟು ವರ್ಷದ ಲೋಕಲ್ ಪ್ರಯಾಣದಲ್ಲಿ ಕಲಿತ ಹಿಂದಿಯಲ್ಲಿ ಹೇಳಿದೆ: ನನ್ನ ಕೈ ಸರಿಮಾಡಿದ್ದು ಆಸ್ಪತ್ರೆಯ ಗುಳಿಗೆ, ಇವತ್ತಿಗೂ ಬಿಟ್ಟಿಲ್ಲ, ಹುಡಿ ಅಟ್ಟದ ಮೇಲಿದೆ. ಟೈ ಕಟ್ಟಿದವನು ಮೆಲ್ಲನೆ ಮೈಕು ತೆಗೆದುಕೊಂಡ. "ಮ್ಯಾಡಮ್ ಇಮೋಷನಲ್ ಹೋ ಗಯೀ ಹೈಂ" ಎಂದ. ಈ ಸಲ ಚಪ್ಪಾಳೆ ಇನ್ನೂ ಜೋರು.

ವಾಪಸು ಬರುವಾಗ ರಿಕ್ಷಾದಲ್ಲಿ ಅವಳು ನನ್ನ ಪಕ್ಕ ಕೂತಳು. ರಿಕ್ಷಾ ಹೊರಟದ್ದೇ ಕೇಳಿದಳು, "ಅಕ್ಕಾರ, ಮ್ಯಾಲೆ ಅಂದಿದ್ದು ಖರೇನ್ರಿ? ನೀವು ಗುಳಿಗಿ ಬಿಟ್ಟಿಲ್ಲ?"

"ಒಂದು ವಾರವೂ ಬಿಟ್ಟಿಲ್ಲ. ನೀನು?"

"ನೀವು ಬಿಟ್ಟು ಹುಡಿ ತಗೊಂಡೀರಿ ಅಂತ ನಾಕನೇ ಮಾಳಿಗಿ ಅಕ್ಕಾರು ಹೇಳಿದ್ರಿ. ಇಂಗ್ಲಿಷ್ ಗುಳಿಗಿ ಜೋಡಿ ಇದು ಹತ್ತಂಗಿಲ್ಲಂತ. ನಾನೂ ಬಿಟ್ಟೆ."

"ನೋವು ಹೆಚ್ಚಾದಾಗ ಏನೆಂದರು?"

"ವಿಷ ಹೊರಗ ಬರಾಕತ್ತೈತಿ ಅಂದ್ರು. ಆಮ್ಯಾಲೆ, ನೀ ಪಥ್ಯ ಮುರದೀ ಅಂತ ಬೈದ್ರಿ. ಒಂದಿನ ಹುಣಸಿ ಸಾರು ಉಂಡಿದ್ದೆ."

ಹುಣಸೆ ಸಾರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಅಪರಾಧಿ ಭಾವ ನೆನೆದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. ಗುಣವಾದರೆ ಹುಡಿಯಿಂದ, ಆಗದಿದ್ದರೆ ಉಂಡವಳಿಂದ. ಸೋಲೇ ಇಲ್ಲದ ಇಂಥ ವ್ಯಾಪಾರ ಬೇರೆ ಯಾವುದಿದೆ? ನನ್ನ ಡಾಕ್ಟರು ಮೊದಲ ಗುಳಿಗೆ ನಾಟದಾಗ "ಇದು ಸಾಲದು, ಇನ್ನೊಂದು ಸೇರಿಸೋಣ" ಎಂದಿದ್ದರು. ನೀವೇನು ತಿಂದು ಕೆಡಿಸಿಕೊಂಡಿರಿ ಎಂದು ಕೇಳಿರಲಿಲ್ಲ.

ಮರುದಿನ ರಜೆ ಹಾಕಿ ಅವಳನ್ನು ಥಾಣೆಗೆ ಕರೆದೊಯ್ದೆ. ಗುಳಿಗೆ ಮತ್ತೆ ಶುರುವಾಯಿತು. ಎಕ್ಸ್‌ರೇ ನೋಡಿದ ಡಾಕ್ಟರು, ಬಲಗೈಯ ಒಂದು ಬೆರಳು ಹೀಗೇ ಉಳಿಯಬಹುದು ಎಂದರು. ಅವಳು ಆ ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡು, "ರೊಟ್ಟಿ ಬಡಿಯಾಕ ಆಗತೈತೇನ್ರಿ?" ಎಂದು ಕೇಳಿದಳು. ಆಗುತ್ತದೆ, ಗುಳಿಗೆ ಬಿಡದಿದ್ದರೆ, ಎಂದರು.

ಅದೇ ಸಂಜೆ ನಾಲ್ಕನೇ ಮಾಳಿಗೆಗೆ ಹೋಗಿ, ಅವಳ ಗುಳಿಗೆ ಯಾಕೆ ಬಿಡಿಸಿದಿರಿ ಎಂದು ಕೇಳಿದೆ.

"ನಾನೆಂತ ಅವಳ ಬಾಯಿಂದ ಗುಳಿಗೆ ಕಿತ್ಕೊಂಡೆನಾ? ಅವಳೇ ಬಿಟ್ಟದ್ದು" ಎಂದರು ಅಕ್ಕ. "ಮತ್ತೆ ನೀನು ಸ್ಟೇಜಲ್ಲಿ ನನ್ನ ಮರ್ಯಾದೆ ತೆಗೆದದ್ದು? ಅದಕ್ಕೆ ಎಂತ ಹೇಳ್ತಿ?" ಹೇಳಬೇಕಾದದ್ದು ಬಹಳ ಇತ್ತು. ಸ್ಟೇಜಿನ ಮೇಲೆ ಹೇಗೋ ಬಂದಿತ್ತು; ಸಾಮಾನ್ಯವಾಗಿ ಸಿಟ್ಟಿನಲ್ಲಿ ನನಗೆ ಮಾತು ಬರುವುದಿಲ್ಲ, ಬರೀ ಬಿಕ್ಕಳಿಕೆ ಬರುತ್ತದೆ. ಬಿಕ್ಕಳಿಸುತ್ತಾ ಇಳಿದು ಬಂದೆ.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಪಟ ಪಟ ಸದ್ದು ವಾಪಸು ಬಂದಿತ್ತು, ಮೊದಲಿಗಿಂತ ಸ್ವಲ್ಪ ನಿಧಾನ. ಆ ವರ್ಷ ಅಕ್ಕನ ಮನೆಯ ಅರಿಸಿನ ಕುಂಕುಮ ಒಂದು ಭಾನುವಾರ ಮಧ್ಯಾಹ್ನ. ಬಿಲ್ಡಿಂಗಿನ ಹೆಂಗಸರೆಲ್ಲ ಇದ್ದರು. ಹೋಗಬಾರದೆಂದುಕೊಂಡಿದ್ದ ನಾನು, ಹೋಗದಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಚಿಂತೆಯಲ್ಲಿ ಎಲ್ಲರಿಗಿಂತ ಮೊದಲೇ ಹೋಗಿ ಕೂತಿದ್ದೆ. ರೊಟ್ಟಿಯವಳು ಬಂದಳು. ಅಕ್ಕ ಅವಳ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದರು. "ನೋಡಿ ಈ ಕೈ. ಒಂದು ವರ್ಷದ ಕೆಳಗೆ ಲೋಟ ಹಿಡೀಲಿಕ್ಕೆ ಆಗ್ತಿರಲಿಲ್ಲ. ನಮ್ಮ ಹುಡಿ..."

ನನಗೆ ಬಿಕ್ಕಳಿಕೆ ಶುರುವಾಯಿತು.

ಅವಳು ಕೈ ಬಿಡಿಸಿಕೊಂಡು ಪರ್ಸು ತೆರೆದಳು. ಗುಳಿಗೆಯ ಪಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಅಕ್ಕಾರ, ಸ್ವಲ್ಪ ನೀರು ಕೊಡ್ರಿ. ಇವತ್ತು ರವಿವಾರ, ನನ್ನ ಗುಳಿಗಿ ದಿನ."

ಬಂದವರಿಗೆ ನೀರು ಇಲ್ಲವೆನ್ನುವಂತಿಲ್ಲ. ಅಕ್ಕನೇ ಒಳಗೆ ಹೋಗಿ ತಂದುಕೊಟ್ಟರು. ಅವಳು ಆ ಸೊಟ್ಟ ಬೆರಳಿನಿಂದಲೇ ಆ ವಾರದ ಒಂದೊಂದು ಗುಳಿಗೆಯನ್ನೂ ಒತ್ತಿ ಹೊರತೆಗೆದು, ಯಾವ ಅವಸರವೂ ಇಲ್ಲದೆ, ಎಲ್ಲರೂ ನೋಡುತ್ತಿದ್ದಂತೆ ನುಂಗಿದಳು. ಲೋಟ ಖಾಲಿಯಾಗುವವರೆಗೆ ಯಾರೂ ಎಳ್ಳುಂಡೆಗೆ ಕೈ ಹಾಕಲಿಲ್ಲ.

"ನನಗೂ ಒಂದು ಲೋಟ, ಅಕ್ಕ" ಎಂದೆ, ಬಿಕ್ಕಳಿಕೆಯ ನಡುವೆ, ನನ್ನ ಪಟ್ಟಿಗಾಗಿ ಚೀಲದಲ್ಲಿ ತಡಕಾಡುತ್ತಾ.