ದೇವಕ್ಕ ಕೊಯ್ದ ಅರ್ಧ ಮರ

ದೇವಕ್ಕ ರೈಲು ಹತ್ತುತ್ತಿರಲಿಲ್ಲ. ಮಗಳ ಮನೆ ಶಿವಮೊಗ್ಗದಲ್ಲಿ. ತಾಳಗುಪ್ಪದ ಸ್ಟೇಷನ್ನು ನನ್ನ ಆಟೊದಲ್ಲಿ ಹೋದರೆ ಹತ್ತಿರವೇ. ಆದರೂ ಈ ಮುದುಕಿ ಬಸ್ಸನ್ನೇ ಹಿಡಿದು, ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತ ಹೋಗುತ್ತಿದ್ದಳು. "ರೈಲು ನಿಂಗೆ ಎಂತ ಮಾಡೀತು ಮಾರಾಯ್ತಿ?" ಎಂದು ನಾನು ರೇಗಿಸುತ್ತಿದ್ದೆ. ಕಾರಣ ಗೊತ್ತಾದ ಮೇಲೆ ರೇಗಿಸುವುದನ್ನು ಬಿಟ್ಟೆ.

ಸಿದ್ದಾಪುರದಿಂದ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಊರನ್ನು ಜನ ಇವತ್ತಿಗೂ ಡಿಪೊ ಎಂದೇ ಕರೆಯುತ್ತಾರೆ. ಕಾಡಿನಲ್ಲಿ ಕಡಿದ ಮರದ ನಾಟಾ ಬಂದು ಇಲ್ಲಿ ಬೀಳುತ್ತಿತ್ತು. ಅದನ್ನು ಕೊಯ್ದು ಸ್ಲೀಪರು, ಅಂದರೆ ರೈಲು ಹಳಿಯ ಅಡಿಗೆ ಅಡ್ಡಡ್ಡ ಹಾಕುವ ತೊಲೆ, ಮಾಡಿ ಲಾರಿಯಲ್ಲಿ ಕಳಿಸುತ್ತಿದ್ದರು. ಕೊಯ್ಯಲು ಬಂದವರ ಗುಡಿಸಲುಗಳೇ ಬೆಳೆದು ಊರಾದವು. ಆಮೇಲೆ ಹಸಿಮರ ಕಡಿಯುವುದು ನಿಂತಿತು, ರೈಲಿನವರು ಸಿಮೆಂಟಿನ ಸ್ಲೀಪರಿಗೆ ಹೋದರು, ಡಿಪೊಗೆ ಬೀಗ ಬಿತ್ತು. ನಾವು ಉಳಿದೆವು. ಯಾಕೆ ಉಳಿದೆವೋ, ನನ್ನನ್ನು ಕೇಳಬೇಡಿ.

ದೇವಕ್ಕನ ಗಂಡ ಹೊನ್ನ ಗರಗಸದವನು. ಗುಂಡಿಯ ಮೇಲೆ ಮರವನ್ನು ಅಡ್ಡ ಮಲಗಿಸಿ, ಒಬ್ಬ ಮರದ ಮೇಲೆ ನಿಂತು, ಇನ್ನೊಬ್ಬ ಗುಂಡಿಯಲ್ಲಿ ನಿಂತು ಉದ್ದದ ಗರಗಸ ಎಳೆಯುವ ಕೆಲಸ. ಮೇಲಿನವನು ಕೆಮ್ಮಣ್ಣು ಬಳಿದ ದಾರ ಬಿಗಿದು ಹೊಡೆದ ಗೆರೆ ನೋಡಿಕೊಂಡು ಗರಗಸ ನಡೆಸಬೇಕು. ಕೆಳಗಿನವನಿಗೆ ಗೆರೆ ಕಾಣುವುದಿಲ್ಲ, ಮುಖದ ಮೇಲೆ ಪುಡಿ ಸುರಿಯುತ್ತಿರುತ್ತದೆ. ಹೊನ್ನನ ಜೊತೆಗಾರ ಕೆಲಸ ಬಿಟ್ಟು ಹೋದಾಗ ಬೇರೆ ಯಾರೂ ಸಿಗದೆ ದೇವಕ್ಕನೇ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು. ಡಿಪೊದಲ್ಲಿ ನಕ್ಕವರು ಬಹಳ ಜನ. ಒಂದು ಮಳೆಗಾಲ ಕಳೆಯುವುದರೊಳಗೆ ಅವರಷ್ಟು ನೆಟ್ಟಗೆ ಕೊಯ್ಯುವ ಜೋಡಿ ಇನ್ನೊಂದಿಲ್ಲ ಎಂದು ಅದೇ ಜನ ಹೇಳತೊಡಗಿದರು.

ಒಂದು ದಿನ ಮತ್ತಿ ಮರವೊಂದನ್ನು ಅರ್ಧದವರೆಗೆ ಕೊಯ್ದಿದ್ದರು. ದೇವಕ್ಕ ಗರಗಸವನ್ನು ಕೆಳಗೆ ಎಳೆದಳು. ಅದು ಮೇಲೆ ಹೋಗಲಿಲ್ಲ.

"ಎಳೀರಿ ಅಂದೆ. ತಮಾಷೆ ಮಾಡ್ತ್ರು ಅಂದ್ಕಂಡೆ," ಎಂದು ಅವಳು ನನಗೆ ಹೇಳಿದ್ದಳು. "ಇನ್ನೊಂದ್ಸಲ ಕೂಗ್ದೆ. ಕಣ್ಣ ತುಂಬ ಪುಡಿ, ಎಂತದೂ ಕಾಣ್ಲಿಲ್ಲ ತಮಾ." ಅವಳು ಗುಂಡಿ ಹತ್ತಿ ಬರುವಷ್ಟರಲ್ಲಿ ಹೊನ್ನ ಮರದ ಮೇಲೆ ಕುಸಿದು ಕುಳಿತಲ್ಲೇ ಒರಗಿ, ಎದೆಯ ಮೇಲೆ ಕೈ ಇಟ್ಟುಕೊಂಡು ಹೋಗಿಬಿಟ್ಟಿದ್ದ.

ಗರಗಸದವರಲ್ಲಿ ಒಂದು ನಡೆ ಇತ್ತು. ಅರ್ಧ ಕೊಯ್ದ ಮರ ಬಿಟ್ಟು ಜೋಡಿಯಲ್ಲಿ ಒಬ್ಬ ಸತ್ತರೆ, ಆ ಮರವನ್ನು ಅವನ ಚಿತೆಗೇ ಇಡಬೇಕು. ಸುಡದೆ ಕೊಯ್ದು ಮುಗಿಸಿದರೆ ಸತ್ತವನ ಜೀವ ಆ ಮರದಲ್ಲೇ ಸಿಕ್ಕಿಕೊಳ್ಳುತ್ತದೆ ಎನ್ನುತ್ತಿದ್ದರು. ಆದರೆ ರೈಲಿನವರಿಗೆ ಸೇತುವೆಯ ಸ್ಲೀಪರು ಅವಸರವಾಗಿ ಬೇಕಿತ್ತು, ಲಾರಿ ಬಂದು ನಿಂತಿತ್ತು. ಲಾರಿ ಖಾಲಿ ಹೋದರೆ ಗುಡಿಸಲು ಬಿಡಬೇಕಾಗುತ್ತದೆ ಎಂದ ಮೇಸ್ತ್ರಿ. ಮಡಿಲಲ್ಲಿ ಹಾಲು ಕುಡಿಯುವ ಕೂಸು. ಗಂಡನನ್ನು ಬೇರೆ ಕಟ್ಟಿಗೆಯಲ್ಲಿ ಸುಟ್ಟು ಬಂದ ಮರುದಿನ, ಪಕ್ಕದ ಗುಡಿಸಲಿನ ಹುಚ್ಚ ಎಂಬವನನ್ನು ಗುಂಡಿಗೆ ಇಳಿಸಿ, ದೇವಕ್ಕ ತಾನೇ ಮರದ ಮೇಲೆ ಹತ್ತಿ ನಿಂತು ಉಳಿದರ್ಧ ಕೊಯ್ದಳು. ಮೇಲೆ ನಿಂತು ಅಭ್ಯಾಸ ಇರಲಿಲ್ಲ, ಕಣ್ಣಲ್ಲಿ ನೀರು. ಗರಗಸ ಗೆರೆ ಬಿಟ್ಟು ಓಡಿತು. ಅವಸರದಲ್ಲಿ ಯಾರೂ ನೋಡಲಿಲ್ಲ, ಮರ ಲಾರಿ ಹತ್ತಿತು.

ಅಂದಿನಿಂದ ಹೊನ್ನ ಹಳಿಯ ಕೆಳಗೆ ಮಲಗಿದ್ದಾನೆ ಎಂದೇ ಅವಳು ನಂಬಿದ್ದಳು. ತಾನೇ ಮಲಗಿಸಿದೆ ಎಂದು. "ಅವರ ಮೈಮೇಲೆ ಹಾದು ಮಗಳ ಮನಿಗೆ ಹೋಗ್ಲನ?" ಎಂದು ಕೇಳುತ್ತಿದ್ದಳು.

ರೈಲಿನ ಹಳಿ ಅಗಲ ಮಾಡಿ ದೊಡ್ಡ ರೈಲು ತಂದಾಗ ಹಳೆಯ ಸ್ಲೀಪರುಗಳನ್ನೆಲ್ಲ ಹರಾಜು ಹಾಕಿದರು. ಸುತ್ತಲಿನ ಊರುಗಳಲ್ಲಿ ಅವು ಗೇಟಾದವು, ಕೊಟ್ಟಿಗೆಯ ಕಂಬವಾದವು, ಚಹಾದಂಗಡಿಯ ಬೆಂಚಾದವು. ದೇವಕ್ಕ ತಾನು ಕೊಯ್ದ ಆ ಮರವನ್ನು ಹುಡುಕಲು ಶುರು ಮಾಡಿದಳು. ಎಲ್ಲಿ ಹಳೆಯ ಸ್ಲೀಪರು ಕಂಡರೂ "ಆಟೊ ನಿಲ್ಸು" ಎನ್ನುವುದು, ಇಳಿದು ಹೋಗಿ ಉದ್ದಕ್ಕೂ ಕೈಯಾಡಿಸುವುದು. ಗರಗಸದ ಪುಡಿ ಕಣ್ಣನ್ನು ಅರ್ಧ ತಿಂದಿತ್ತು, ಕೈಯನ್ನೇ ನಂಬಬೇಕು. ಮುದುಕಿಗೆ ತಲೆ ಕೆಟ್ಟಿದೆ ಎಂದರು ಜನ. ಅನ್ನಲಿ. ಅವರ ಮನೆಯ ಗೇಟಿನಲ್ಲಿ ಅವರ ಗಂಡ ಸಿಕ್ಕಿಕೊಂಡಿರಲಿಲ್ಲವಲ್ಲ.

ಹೋದ ವರ್ಷ ತ್ಯಾಗಲಿಯ ಹತ್ತಿರ ವೆಂಕಟ್ರಮಣ ಹೆಗಡೆಯವರ ಹೋಂಸ್ಟೇಗೆ ಯಾರನ್ನೋ ಬಿಡಲು ಹೋದಾಗ ದೇವಕ್ಕನೂ ಆಟೊದಲ್ಲಿದ್ದಳು. ಅಂಗಳದಲ್ಲಿ ಕೂರಲು ಹಾಕಿದ್ದ ತೊಲೆಯ ಮೇಲೆ ಕೈಯಾಡಿಸುತ್ತ ಹೋದವಳು ನಡುವಿನಲ್ಲಿ ನಿಂತಳು. ಹಿಂದಕ್ಕೆ ಬಂದಳು. ಮತ್ತೆ ಮುಂದಕ್ಕೆ. ನಾನೂ ಮುಟ್ಟಿ ನೋಡಿದೆ. ಅರ್ಧದವರೆಗೆ ಹಲಗೆಯಂತೆ ನೆಟ್ಟಗೆ, ಅಲ್ಲಿಂದಾಚೆ ಅಲೆ ಅಲೆ.

"ಇಲ್ಲಿಗಂಟ ಅವ್ರು," ಎಂದಳು. "ಇಲ್ಲಿಂದ ಆಚಿಗೆ ನಾನು."

ಹೆಗಡೆಯವರು ಒಳ್ಳೆಯ ಮನುಷ್ಯ. ಕಥೆ ಕೇಳಿ, "ತಗೊಂಡು ಹೋಗಿ ಅಜ್ಜಿ. ನಿಮ್ಮದು ಅದು" ಎಂದರು.

ಊರಿಗೆ ತಂದ ಮೇಲೆ ನಾನು ಇಡೀ ತೊಲೆಯನ್ನು ಸುಟ್ಟುಬಿಡೋಣ ಎಂದೆ. ದೇವಕ್ಕ ಒಪ್ಪಲಿಲ್ಲ. ನೆಟ್ಟಗಿದ್ದದ್ದು ಮಾತ್ರ ಗಂಡನಿಗೆ, ತಾನು ಕೆಡಿಸಿದ ಪಾಲು ಅವರ ಮೇಲೆ ಹೊರಿಸುವುದು ಬೇಡ ಎಂದಳು. ನಡುವೆ ತುಂಡು ಮಾಡಲು ಮಿಷನ್ ತರುತ್ತೇನೆ ಎಂದರೆ ಅದೂ ಬೇಡ. ಹುಚ್ಚನ ಮನೆಯ ಅಟ್ಟದಿಂದ ಎರಡು ಹಿಡಿಯ ಅಡ್ಡಗರಗಸ ತರಿಸಿ, ಒಂದು ತುದಿ ನನಗೆ ಕೊಟ್ಟು, ಇನ್ನೊಂದು ತಾನು ಹಿಡಿದಳು.

"ಎಳಿ ಅಷ್ಟೇ. ದೂಡ್ಬ್ಯಾಡ. ದೂಡೂದು ನಿನ್ನ ಕೆಲ್ಸ ಅಲ್ಲ."

ಎಳೆದೆ. ಆ ವಯಸ್ಸಿನಲ್ಲಿ ಅವಳಿಗೆ ಅಷ್ಟು ಶಕ್ತಿ ಎಲ್ಲಿತ್ತೋ. ರೈಲಿನವರು ಹಚ್ಚಿದ ಎಣ್ಣೆ ಕುಡಿದು ಮರ ಕಬ್ಬಿಣದ ಹಾಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಉಸಿರು ಸಾಲದೆ, ಬೆವರು ಒರೆಸಿಕೊಳ್ಳಲು ಕೈ ಬಿಟ್ಟೆ. ಗರಗಸ ಅವಳ ಕಡೆ ಹೋಗಿ ನಿಂತಿತು.

"ಎಳಿ!" ದೇವಕ್ಕ ಚೀರಿದಳು. "ಎಳೀ ಅಂದೆ! ನಿಲ್ಲಿಸ್ಬ್ಯಾಡ!"

ಆ ದನಿ ನನಗಲ್ಲ. ಅದು ಅಂದಿನ ಆ ಗುಂಡಿಯೊಳಗಿಂದ ಬಂದಿತ್ತು. ತಡಬಡಾಯಿಸಿ ಹಿಡಿ ಹಿಡಿದು ಎಳೆದೆ. ಗರಗಸ ನನ್ನ ಕಡೆ ಬಂದದ್ದು ಕೈಗೆ ತಿಳಿಯುತ್ತಲೇ ಅವಳು ಅಳತೊಡಗಿದಳು. ಅಳುತ್ತಲೇ ಎಳೆದಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಮರ ಎರಡಾಗುವವರೆಗೆ ನಾನು ಮತ್ತೆ ಕೈ ಬಿಡಲಿಲ್ಲ.

ಹೊನ್ನನನ್ನು ಸುಟ್ಟ ಜಾಗದಲ್ಲೇ ನೆಟ್ಟಗಿನ ತುಂಡನ್ನು ಸುಟ್ಟೆವು. ಸೊಟ್ಟಗಿನದು ದೇವಕ್ಕನ ಮಂಚದ ಅಡಿಗೆ ಹೋಯಿತು. ಈ ಮಳೆಗಾಲದಲ್ಲಿ ಅವಳೂ ಹೋದಳು. ಮಗಳು ಶಿವಮೊಗ್ಗದಿಂದ ರೈಲಿನಲ್ಲಿ ಬಂದಳು. ಮಂಚದ ಅಡಿಯ ತುಂಡನ್ನು ನಾನೇ ಹೊತ್ತುಕೊಂಡು ಹೋಗಿ ಚಿತೆಯಲ್ಲಿ ದೇವಕ್ಕನ ಪಕ್ಕಕ್ಕೆ ಇಟ್ಟೆ.