ವೈರಕ್ಕನ ಒಂದು ರೌಂಡು

ಆ ಬೀದಿಯ ತುಂಬ ಗಾಡಿ ರಿಪೇರಿಯ ಅಂಗಡಿಗಳೇ. ಟಯರಿನವನು, ಡೆಂಟು ತೆಗೆಯುವವನು, ಬಣ್ಣ ಹೊಡೆಯುವವನು, ಸೀಟು ಹೊಲಿಯುವವನು, ಇವರೆಲ್ಲ ಮುಗಿದ ಮೇಲೆ ಕೊನೆಗೆ ವೈರಕ್ಕನ ಶೆಡ್ಡು. ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಈಗ ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಹಾರ್ನು ಕೂಗದಿದ್ದರೆ, ಲೈಟು ಹತ್ತದಿದ್ದರೆ, ಕೀ ತಿರುಗಿಸಿದಾಗ ಗಾಡಿ ತುಟಿಪಿಟಿಕ್ ಅನ್ನದಿದ್ದರೆ ಎಲ್ಲರೂ ಬೀದಿಯ ಕೊನೆಗೇ ಬರಬೇಕು. ಅವಳಪ್ಪ ಲಾರಿಗಳಿಗೆ ವೈರಿಂಗ್ ಮಾಡುತ್ತಿದ್ದರು. ಅಣ್ಣನಿಗೆ ಗ್ರೀಸು ಕಂಡರೆ ಆಗುತ್ತಿರಲಿಲ್ಲ. ಇವಳೋ ಊಟ ಬಿಟ್ಟಾಳು, ಕರೆಂಟು ನೋಡುವ ಟೆಸ್ಟ್ ಲ್ಯಾಂಪು ಬಿಡುತ್ತಿರಲಿಲ್ಲ. ಹಾಗಾಗಿ ಅಪ್ಪನ ನಂತರ ಶೆಡ್ಡಿನ ಬೀಗದಕೈ ಯಾರ ಜಗಳವೂ ಇಲ್ಲದೆ ಇವಳ ಸೊಂಟ ಸೇರಿತು.

ಊರಿನ ಅರ್ಧಕ್ಕರ್ಧ ಗಾಡಿಗಳನ್ನು ವೈರಕ್ಕ ಓಡಿಸಿದ್ದಳು ಎಂದರೆ ಸುಳ್ಳಲ್ಲ. ಲೈಸೆನ್ಸೂ ಇತ್ತು. ಆದರೆ ಓಡಿಸಿದ್ದೆಲ್ಲ ಶೆಡ್ಡಿನ ಬಾಗಿಲಿಂದ ಬೀದಿಯ ಆ ತುದಿಯವರೆಗೆ, ಮತ್ತೆ ಅಲ್ಲಿಂದ ಹಿಂದಕ್ಕೆ. ಮೊದಲನೇ ಗೇರು, ಹೆಚ್ಚೆಂದರೆ ಎರಡನೆಯದು, ಆಮೇಲೆ ರಿವರ್ಸು. ಮೂರನೆಯದು ಹಾಕಬೇಕು ಅನ್ನುವಷ್ಟರಲ್ಲಿ ಬೀದಿ ಮುಗಿದು ಎದುರಿಗೆ ಔಷಧಿ ಅಂಗಡಿ ಬರುತ್ತಿತ್ತು. ಸತ್ತು ಬಂದ ಗಾಡಿಗೆ ಇವಳು ಜೀವ ಕೊಡುವುದು, ಯಜಮಾನ ಬಂದು ಭರ್ರನೆ ಓಡಿಸಿಕೊಂಡು ಹೋಗುವುದು, ಹೊಗೆ ಮಾತ್ರ ಇವಳ ಪಾಲಿಗೆ. ಮನೆಯಲ್ಲಾದರೂ ಸ್ವಲ್ಪ ವೇಗ ಕಾಣೋಣವೆಂದರೆ ಗಂಡ ಸಿಟಿ ಬಸ್ಸಿನ ಡ್ರೈವರು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹುಟ್ಟಿದವನು. ಅವನ ಸ್ಕೂಟರಿನ ಹಿಂದೆ ಕೂತರೆ ಸೈಕಲ್ಲಿನವರು ದಾಟಿಕೊಂಡು ಹೋಗುತ್ತಾ ಕ್ಷೇಮಸಮಾಚಾರ ಕೇಳುತ್ತಿದ್ದರು. ಒಮ್ಮೆ, ಒಂದೇ ಒಂದು ಸಲ, ನಿಜವಾಗಿ ಓಡುವ ಗಾಡಿಯಲ್ಲಿ ಕೂತು ಹೋಗಬೇಕೆಂಬುದು ಅವಳ ಬಹಳ ದಿನದ ಆಸೆ. ಅದನ್ನು ಹೇಳಿಕೊಳ್ಳಲು ಮಾತ್ರ ನಾಚಿಕೆ.

ಹಲ್ಲಿನ ಡಾಕ್ಟರು ತಮ್ಮ ಕೆಂಪು ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ದಿನ ಆ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ನೆಲಕ್ಕೆ ಅಂಟಿಕೊಂಡಂತೆ ತಗ್ಗಿದ್ದ, ಎರಡೇ ಸೀಟಿನ ಕಾರು. ಡಾಕ್ಟರು ಅದನ್ನು ಯಾರಿಂದಲೋ ಹಳೆಯದಾಗಿ ಕೊಂಡಿದ್ದರು. ಊರಾಚೆಯ ರೇಸಿನ ಟ್ರ್ಯಾಕನ್ನು ವರ್ಷಕ್ಕೊಂದು ದಿನ ಹವ್ಯಾಸಿಗಳಿಗೆ ತೆರೆಯುತ್ತಿದ್ದರು, ಆ ದಿನಕ್ಕೆ ಕಾರು ಎದ್ದು ನಿಲ್ಲಬೇಕು. ವೈರಿಂಗ್ ಪೂರ್ತಿ ಹೊಸದಾಗಬೇಕು. ಬಾನೆಟ್ಟು ಎತ್ತಿದರೆ ನೋಡಿದವರ ಕಣ್ಣು ತಂಪಾಗಬೇಕು. ಇಷ್ಟು ಡಾಕ್ಟರ ಬೇಡಿಕೆ. ವೈರಕ್ಕ ಎಲ್ಲರಿಗೂ ಹೇಳುವ ಕೂಲಿಯನ್ನೇ ಹೇಳಿದಳು. ಆಮೇಲೆ ಇಕ್ಕಳವನ್ನು ಸೆರಗಿನಲ್ಲಿ ಒರೆಸುತ್ತಾ, ಅತ್ತಿತ್ತ ನೋಡಿ, ಇನ್ನೊಂದು ಮಾತು ಸೇರಿಸಿದಳು.

"ಟ್ರ್ಯಾಕಲ್ಲಿ ಮೊದಲನೇ ರೌಂಡಿಗೆ ನಾನೂ ಗಾಡೀಲಿರ್ಬೇಕು ಡಾಕ್ಟ್ರೇ. ಕೂಲಿ ಆಮೇಲಿನ ಮಾತು."

ಡಾಕ್ಟರು ಇಷ್ಟೇನಾ ಎಂದು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟರು. ಅವತ್ತು ಸಂಜೆ ಸ್ಕೂಟರಿನ ಹಿಂದೆ ಕೂತ ವೈರಕ್ಕ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು.

ಬಾನೆಟ್ಟಿನೊಳಗೆ ನೋಡಿದರೆ ದೇವರಿಗೇ ಪ್ರೀತಿ. ಹಿಂದಿನ ಯಜಮಾನರಲ್ಲಿ ಒಬ್ಬ ಹಾಡಿನ ಪೆಟ್ಟಿಗೆಗೆಂದು ವೈರು ಎಳೆದಿದ್ದ, ಇನ್ನೊಬ್ಬ ನೀಲಿ ಲೈಟಿಗೆಂದು, ಮತ್ತೊಬ್ಬ ಯಾಕೆಂದು ಅವನಿಗೂ ಗೊತ್ತಿರಲಾರದು. ಒಂದು ಹಳದಿ ವೈರಂತೂ ಹಾರ್ನಿನಿಂದ ಹೊರಟು, ಎಂಜಿನ್ನಿಗೆ ಪೂರ್ತಿ ಪ್ರದಕ್ಷಿಣೆ ಹಾಕಿ, ತಿರುಗಿ ಹಾರ್ನಿಗೇ ಬಂದು ಸೇರಿತ್ತು. ವೈರಕ್ಕ ಅದನ್ನು ಬಿಚ್ಚಿ ಮೊಳೆಗೆ ನೇತುಹಾಕಿ ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ಬಣ್ಣ ಹೊಡೆಯುವವನು, ನಮ್ಮ ಮಾವನೂ ಹಿಂಗೇನೇ, ಮನೆಯಿಂದ ಹೊರಟು ಮನೆಗೇ ಬರ್ತಾರೆ, ಯಾವ ಕೆಲಸವೂ ಆಗಿರಲ್ಲ ಎಂದ.

ಕಿತ್ತು ಹಾಕಿದ್ದಾಯಿತು. ಇನ್ನು ಹೊಸದನ್ನು ಹೆಣೆಯಬೇಕು. ಅದಕ್ಕೆ ಅವಳದೇ ಒಂದು ಕ್ರಮವಿತ್ತು. ಎಂಜಿನ್ನಿನ ಮೇಲೆ ನೇರವಾಗಿ ವೈರು ಹಾಕುವವಳಲ್ಲ ಅವಳು. ಶೆಡ್ಡಿನ ನೆಲವೆಲ್ಲ ಎಣ್ಣೆ, ಆದ್ದರಿಂದ ಮನೆಯ ನಡುಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಎಂಜಿನ್ನನ್ನು ಅಳತೆಗೆ ತಕ್ಕಂತೆ ಬರೆದು, ಅದರ ಮೇಲೆ ಒಂದೊಂದೇ ವೈರು ಹಾಸಿ, ಬಟ್ಟೆಯ ಟೇಪು ಸುತ್ತಿ, ಇಡೀ ಸೆಟ್ಟನ್ನು ಮನೆಯಲ್ಲೇ ತಯಾರು ಮಾಡಿ ಹೊತ್ತುಕೊಂಡು ಹೋಗುವುದು. ಹಾಗಾಗಿ ಆ ದಿನಗಳಲ್ಲಿ ಮನೆಯವರೆಲ್ಲ ಎಂಜಿನ್ನಿನೊಳಗೇ ಸಂಸಾರ ಮಾಡಬೇಕಾಯಿತು. ಗಂಡ ಸ್ನಾನಕ್ಕೆ ಹೋಗಬೇಕಾದರೆ ಗೇರ್‌ಬಾಕ್ಸಿನ ಪಕ್ಕದಿಂದ ಒಂಟಿಕಾಲಲ್ಲಿ ಹಾರಬೇಕು. ಅತ್ತೆಯ ಕುರ್ಚಿ ಸರಿಯಾಗಿ ರೇಡಿಯೇಟರಿನ ಮೇಲೆ ಬಂದಿತ್ತು. ಅವರು ಅಲ್ಲಿಂದ ಏಳಲು ಒಪ್ಪಲಿಲ್ಲ, ಬೇಕಾದರೆ ನಿನ್ನ ರೇಡಿಯೇಟರನ್ನೇ ಆಚೆ ಇಟ್ಟುಕೋ ಎಂದರು. ಸೊಸೆ ಅತ್ತೆಯ ಕಾಲ ಸುತ್ತಲೇ ಫ್ಯಾನಿನ ವೈರು ಹಾಸಿದಳು. ಟೀವಿ ನೋಡುತ್ತಾ ಅತ್ತೆ ಟೇಪಿನ ತುದಿ ಹಿಡಿದುಕೊಟ್ಟರು.

ಡಾಕ್ಟರು ಬಿಡುವಾದಾಗಲೆಲ್ಲ ಶೆಡ್ಡಿಗೆ ಓಡಿಬರುತ್ತಿದ್ದರು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹಲ್ಲಿನ ಸಂದು ನೋಡುವ ಪುಟ್ಟ ಕನ್ನಡಿ, ಕೊಕ್ಕೆಯಂಥ ಕಡ್ಡಿಗಳು, ಜೇಬು ತುಂಬ ಹೊಸ ಟೂತ್‌ಬ್ರಷ್ಷು. ಇಬ್ಬರೂ ಬಾನೆಟ್ಟಿನೊಳಗೆ ತಲೆ ಹಾಕಿ, ಕನ್ನಡಿ ಬಿಟ್ಟು ನೋಡಿ, ಕೊಳೆ ಕೆರೆದು, ತಿಕ್ಕಿ, ಒರೆಸಿ, ಮತ್ತೆ ತಿಕ್ಕುವರು. ಇನ್ನೂ ಸ್ವಲ್ಪ ಬಾಯಿ ತೆಗೆಯಿರಿ ಎಂದು ಡಾಕ್ಟರು ಅಭ್ಯಾಸಬಲದಿಂದ ಎಂಜಿನ್ನಿಗೆ ಹೇಳಿದ್ದನ್ನು ವೈರಕ್ಕ ತನ್ನ ಕಿವಿಯಾರೆ ಕೇಳಿದಳು. ಕೆಳಗಿನ ತಗಡಿಗೆ ಹಾಲಿನ ಬಣ್ಣ ಹೊಡೆಸಿದರು. ಅಲ್ಯುಮಿನಿಯಮ್ಮಿನ ಮುಚ್ಚಳವನ್ನು ಮುಖ ಕಾಣುವಂತೆ ಉಜ್ಜಿದರು.

ಹೊಳಪು ಹೆಚ್ಚಿದಂತೆಲ್ಲ ವೈರಕ್ಕನ ತಲೆಗೆ ಹುಚ್ಚು ಹಿಡಿಯಿತು. ಇಷ್ಟು ಚೆಂದದ ಜಾಗದಲ್ಲಿ ಒಂದು ವೈರೂ ಕಣ್ಣಿಗೆ ಬೀಳಬಾರದು ಎಂದುಕೊಂಡಳು. ವೈರುಗಳೆಲ್ಲ ಮಡ್‌ಗಾರ್ಡಿನ ಒಳಮೈಗೆ ಹೋದವು. ಆಮೇಲೆ ಫ್ಯೂಸ್ ಬಾಕ್ಸು ಕಣ್ಣಿಗೆ ಚುಚ್ಚತೊಡಗಿತು. ಆಮೇಲೆ ರಿಲೇಗಳು. ಕೊನೆಗೆ ಮೂಲೆಯಲ್ಲಿ ಕಪ್ಪಗೆ ಗುಮ್ಮನ ಹಾಗೆ ಕೂತಿದ್ದ ಬ್ಯಾಟರಿಯನ್ನೂ ಎತ್ತಂಗಡಿ ಮಾಡುವುದೆಂದು ತೀರ್ಮಾನವಾಯಿತು. ಎಲ್ಲಿಗೆ? ಕಾರಿನೊಳಗೆ, ಡ್ರೈವರನ ಪಕ್ಕದಲ್ಲಿ, ಭದ್ರವಾದ ನಾಲ್ಕು ಬೋಲ್ಟಿನ ತೂತುಗಳು ಸುಮ್ಮನೆ ಖಾಲಿ ಬಿದ್ದಿದ್ದವು. ದಪ್ಪ ಉಕ್ಕು, ಒಳ್ಳೆಯ ಅರ್ಥಿಂಗು ಸಿಗುತ್ತದೆ, ನೀರು ಬೀಳುವುದಿಲ್ಲ. ಬ್ಯಾಟರಿ, ಫ್ಯೂಸು, ರಿಲೇ, ಎಂಜಿನ್ನಿನ ಕಂಪ್ಯೂಟರು ಎಲ್ಲವನ್ನೂ ಒಂದೇ ತಟ್ಟೆಯ ಮೇಲೆ ಜೋಡಿಸಿ ಆ ತೂತುಗಳಿಗೇ ಬಿಗಿದಳು. ಕೇಬಲ್ಲುಗಳನ್ನು ಸರಿಯಾದ ಅಳತೆಗೆ ಕತ್ತರಿಸಿದಳು. ಡಾಕ್ಟರು ನೋಡಿ ಭೇಷ್ ಅಂದರು. ದಣಿವಾದಾಗ ವೈರಕ್ಕ ಶೆಡ್ಡಿನ ಮೂಲೆಯಲ್ಲಿದ್ದ ಮೆತ್ತನೆಯ ಸೀಟಿನ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತಾ, ಟ್ರ್ಯಾಕಿನಲ್ಲಿ ಗಾಳಿ ಹೇಗೆ ಬಡಿದೀತು ಎಂದು ಕಣ್ಮುಚ್ಚಿ ಯೋಚಿಸುತ್ತಿದ್ದಳು.

ಟ್ರ್ಯಾಕು ತೆರೆಯುವ ಹಿಂದಿನ ದಿನ ಮಧ್ಯಾಹ್ನ ಕೀ ತಿರುಗಿಸಿದರು. ಕಾರು ಒಂದೇ ಗುಟುಕಿಗೆ ಎದ್ದಿತು. ಬೀದಿಯವರೆಲ್ಲ ಕೆಲಸ ಬಿಟ್ಟು ಬಂದು ಬಾನೆಟ್ಟಿನೊಳಗೆ ಇಣುಕಿ, ಒಂದು ವೈರಾದರೂ ಕಂಡೀತೇ ಎಂದು ಹುಡುಕಿ ಸೋತರು. ಟಯರಿನವನು, ಇದು ಏನು ತಿಂದು ಓಡುತ್ತೆ ಅಕ್ಕಾ, ಗಾಳೀನಾ ಎಂದು ಕೇಳಿದ. ವೈರಕ್ಕನ ಕಾಲು ನೆಲದ ಮೇಲಿರಲಿಲ್ಲ. ಆಗ ಸೀಟು ಹೊಲಿಯುವವನು ಮೂಲೆಯತ್ತ ನೋಡಿ, ಈ ಸೀಟು ಯಾವ ಗಾಡಿಯದು ಎಂದ.

ವೈರಕ್ಕ ಸೀಟು ನೋಡಿದಳು, ಕಾರು ನೋಡಿದಳು, ನಾಲ್ಕು ಬೋಲ್ಟುಗಳನ್ನು ನೋಡಿದಳು. ವೈರು ಎಳೆಯಲೆಂದು ಮೊದಲನೇ ದಿನ ಆ ಸೀಟನ್ನು ಬಿಚ್ಚಿ ಇಟ್ಟವಳು ಅವಳೇ. ಕೂತು ಕೂತು ಚಹಾ ಕುಡಿದವಳೂ ಅವಳೇ. ತಾನು ಕೂರಬೇಕಾದ ಜಾಗದಲ್ಲಿ ತನ್ನ ಕೈಯಾರೆ ಬ್ಯಾಟರಿಯನ್ನು ಕೂರಿಸಿ, ಅದಕ್ಕೆ ಬೆಲ್ಟೂ ಕಟ್ಟಿದ್ದಳು.

ಬಣ್ಣ ಹೊಡೆಯುವವನಿಗೆ ನಗು ಮೊದಲು ಬಂತು, ಆಮೇಲೆ ಬೀದಿಗೇ ಬಂತು. ಡಾಕ್ಟರು ಗೋಡೆ ಹಿಡಿದುಕೊಂಡು ನಕ್ಕರು. ವೈರಕ್ಕನೂ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನಗುತ್ತಾ ನಗುತ್ತಾ, ಎಲ್ಲ ಬಿಚ್ಚಿ ಮೊದಲಿನಂತೆ ಮಾಡಲು ಒಂದು ವಾರವಾದರೂ ಬೇಕು, ಟ್ರ್ಯಾಕು ನಾಳೆಯೇ, ನೀವು ಹೋಗಿಬನ್ನಿ ಡಾಕ್ಟ್ರೇ, ನಂದು ಇನ್ನೊಮ್ಮೆ ನೋಡಿದರಾಯಿತು ಎಂದಳು. ಹೇಳಿ, ಕೈ ತೊಳೆಯುವ ನೆಪದಲ್ಲಿ ಶೆಡ್ಡಿನ ಹಿಂದಕ್ಕೆ ಹೋಗಿ ನಲ್ಲಿ ತಿರುಗಿಸಿದಳು. ಅಲ್ಲಿ ಅವಳಿಗೆ ಅಳು ಬಂತು. ಇಷ್ಟು ವಯಸ್ಸಾದ ಹೆಂಗಸು ಕಾರು ಸುತ್ತಲಿಲ್ಲವೆಂದು ಅಳುವುದೇ ಎಂದು ತನ್ನ ಮೇಲೇ ಸಿಟ್ಟೂ ಬಂತು. ಮುಖ ತೊಳೆದು ತಿರುಗಿದರೆ ಡಾಕ್ಟರು ನಿಂತಿದ್ದರು.

"ಮೊದಲನೇ ರೌಂಡಿಗೆ ನೀವು ಗಾಡೀಲಿರ್ಬೇಕು ಅಂತ ಮಾತಾಗಿದೆ ಅಕ್ಕಾ. ಇರೋದು ಒಂದೇ ಸೀಟು. ಅದರಲ್ಲಿ ನೀವೇ ಕೂತ್ಕೋಬೇಕಾಗುತ್ತೆ."

ವೈರಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಜೀವ ಬಾಯಿಗೆ ಬಂತು. ತನಗೆ ಮೂರನೇ ಗೇರೇ ಗೊತ್ತಿಲ್ಲ ಎಂದಳು. ಮೊದಲನೇ ರೌಂಡು ಹೇಗೂ ಎಂಜಿನ್ ಬಿಸಿಯಾಗಲೆಂದು ಬಿಡುವುದು, ಯಾರೂ ಪಂದ್ಯ ಕಟ್ಟುವುದಿಲ್ಲ, ಮನೆಯಲ್ಲಿ ಡ್ರೈವರು ಇದ್ದಾರಲ್ಲ, ಕೇಳಿ ಕಲಿತುಕೊಳ್ಳಿ ಎಂದು ಹೇಳಿ ಡಾಕ್ಟರು ಹೊರಟೇಹೋದರು.

ವಿಷಯ ಕೇಳಿದ ಗಂಡ ಎದ್ದು ನಡುಕೋಣೆಯಲ್ಲಿ ಎರಡು ಕುರ್ಚಿ ಹಾಕಿ, ಅವುಗಳ ನಡುವೆ ದೋಸೆ ಮೊಗುಚುವ ಕೈಯನ್ನು ಗೇರಿನಂತೆ ನಿಲ್ಲಿಸಿ ಹಿಡಿದುಕೊಂಡ. ಮೂರು ಚಪ್ಪಲಿಗಳು ಕ್ಲಚ್ಚು, ಬ್ರೇಕು, ಆಕ್ಸಿಲರೇಟರು. ಹೆಂಡತಿಯ ಕೈಗೆ ತಟ್ಟೆ ಕೊಟ್ಟು ಸ್ಟಿಯರಿಂಗ್ ಅಂದ. ಪಾಠ ಶುರುವಾಯಿತು. ಆದರೆ ಬಸ್ಸಿನ ಡ್ರೈವರನ ಪಾಠ ಎಂದರೆ ಕೇಳಬೇಕೇ. ಎರಡನೆಯದರಿಂದ ಮೂರನೆಯದಕ್ಕೆ ಹೋಗುವಷ್ಟರಲ್ಲಿ ಅವನಿಗೆ ಸ್ಟಾಪು ಬಂದುಬಿಡುತ್ತಿತ್ತು.

"ರೀ, ಅಲ್ಲಿ ಯಾರೂ ಹತ್ತಲ್ಲ, ಯಾರೂ ಇಳಿಯಲ್ಲ. ಮೂರನೇದು ಹೇಳಿಕೊಡ್ತೀರೋ ಇಲ್ವೋ?"

ಹಿಂದೆ ತಮ್ಮ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಇವನು ಚಿಕ್ಕಂದಿನಲ್ಲಿ ನಡೆಯಲು ಕಲಿತದ್ದೂ ಹೀಗೇ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ಎಂದು ಸೊಸೆಯ ಪಕ್ಷ ವಹಿಸಿದರು. ಗಂಡ ಹಲ್ಲು ಕಚ್ಚಿ, ಮೊಗುಚುವ ಕೈಯನ್ನು ನೇರ ಮುಂದಕ್ಕೆ ತಳ್ಳಿ, ಕ್ಲಚ್ಚು ಒತ್ತು, ಬಿಡು, ಈಗ ಕಾಲು ಅದುಮು ಎಂದ. ಕುರ್ಚಿಗಳು ಕಿರುಗುಟ್ಟಿದವು. ಅತ್ತೆ ವೇಗಕ್ಕೆ ಹಿಂದಕ್ಕೆ ವಾಲಿದರು. ಮೂವರೂ ನಗುತ್ತಾ ಊಟ ಮರೆತರು.

ಮರುದಿನ ಟ್ರ್ಯಾಕಿನ ಬಾಗಿಲಲ್ಲಿ ಲೈಸೆನ್ಸು ನೋಡುವವನು ವೈರಕ್ಕನ ಹಳೆಯ ಫೋಟೋ ನೋಡಿದ, ಮುಖ ನೋಡಿದ, ಹೆಲ್ಮೆಟ್ಟು ಕೊಟ್ಟ. ಸೆರಗು ಸಿಕ್ಕೀತೆಂದು ಅವಳು ಗಂಡನ ಡ್ಯೂಟಿಯ ಪ್ಯಾಂಟು ಅಂಗಿ ತೊಟ್ಟು ಬಂದಿದ್ದಳು. ಡಾಕ್ಟರು ಬೆಲ್ಟು ಬಿಗಿದು ದೂರ ನಿಂತರು. ಬೇಲಿಯಾಚೆ ಅತ್ತೆ, ಪಕ್ಕದಲ್ಲಿ ಬೆವರುತ್ತಿದ್ದ ಗಂಡ.

ಮೊದಲನೇ ಗೇರಿನಲ್ಲಿ ಕಾರು ಹೊರಟಿತು, ಎರಡನೆಯದಕ್ಕೆ ಬಂತು, ಅಲ್ಲೇ ಉಳಿಯಿತು. ಎಂಜಿನ್ನು ಕಿರುಚುತ್ತಿತ್ತು. ವೈರಕ್ಕನ ಕಣ್ಣು ಅಭ್ಯಾಸದಿಂದ ಔಷಧಿ ಅಂಗಡಿಗಾಗಿ ಕಾಯುತ್ತಿತ್ತು. ಅಂಗಡಿ ಬರಲಿಲ್ಲ. ಮುಂದೆ ರಸ್ತೆಯಿತ್ತು, ಅದರ ಮುಂದೆಯೂ ರಸ್ತೆಯೇ ಇತ್ತು, ಯಾವ ಗೋಡೆಯೂ ಅಡ್ಡ ಇರಲಿಲ್ಲ. ಅವಳು ಕ್ಲಚ್ಚು ಒತ್ತಿ, ಕೈ ಮುಂದಕ್ಕೆ ತಳ್ಳಿ, ಕಾಲು ಅದುಮಿದಳು.

ಬೆನ್ನು ಸೀಟಿಗೆ ಅಂಟಿತು. ಹೊಟ್ಟೆ ಎಲ್ಲೋ ಹಿಂದೆ ಉಳಿಯಿತು. ಹೆಲ್ಮೆಟ್ಟಿನೊಳಗೆ ಯಾರೋ ಜೋರಾಗಿ ನಗುತ್ತಿರುವುದು ಕೇಳಿ, ಅದು ತಾನೇ ಎಂದು ಗೊತ್ತಾಗಲು ಅವಳಿಗೆ ಒಂದು ತಿರುವು ಬೇಕಾಯಿತು. ತಿರುವಿನಲ್ಲಿ ನಿಧಾನಿಸಿ, ನೇರ ರಸ್ತೆಯಲ್ಲಿ ಮತ್ತೆ ಒತ್ತಿದಳು. ನಾಲ್ಕನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಎಲ್ಲಿರಬಹುದೆಂದು ಊಹಿಸಿ ಹಾಕಿದಳು, ಬಿತ್ತು. ತಾನು ಹೆಣೆದ ಒಂದೊಂದು ವೈರೂ ತನ್ನನ್ನು ಹೊತ್ತು ಓಡುತ್ತಿದೆ ಎನ್ನಿಸಿ ಅವಳಿಗೆ ಹೇಳತೀರದ ಸಂತೋಷವಾಯಿತು. ಬೇಲಿಯ ಹತ್ತಿರ ಗಂಡ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದ. ಅತ್ತೆ ಮಗನ ಭುಜ ಹಿಡಿದು ಕುಲುಕುತ್ತಾ, ಕಣ್ಣು ಬಿಟ್ಟು ನೋಡೋ, ನಿನ್ನ ಹೆಂಡತಿ ಎಲ್ಲರನ್ನೂ ದಾಟಿದಳು ಎನ್ನುತ್ತಿದ್ದರು. ಟ್ರ್ಯಾಕಿನಲ್ಲಿ ಆ ಹೊತ್ತಿಗೆ ಬೇರೆ ಯಾವ ಗಾಡಿಯೂ ಇರಲಿಲ್ಲ.

ರೌಂಡು ಮುಗಿಸಿ ಕಾರು ಬಂದು ನಿಂತಿತು. ಡಾಕ್ಟರು ಹೆಲ್ಮೆಟ್ಟು ಹಾಕಿಕೊಂಡು, ಕೈಗವಸು ತೊಟ್ಟು, ತಮ್ಮ ಸರದಿಗೆ ತಯಾರಾಗಿ ಬಾಗಿಲು ತೆರೆದರು. ವೈರಕ್ಕ ಇಳಿಯಲಿಲ್ಲ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಎದುರಿಗೆ ನೋಡುತ್ತಿದ್ದಳು. ಮಾಡಿದ ಕೆಲಸದ ಬಗ್ಗೆ ಅವಳು ಅಲ್ಲಿಯವರೆಗೆ ಗಿರಾಕಿಗೆ ಎಂದೂ ಸುಳ್ಳು ಹೇಳಿದವಳಲ್ಲ.

"ಡಾಕ್ಟ್ರೇ, ನಂಗೆ ಯಾಕೋ ವೈಪರಿನ ವೈರಿನ ಮೇಲೆ ಅನುಮಾನ. ಒಂದು ರೌಂಡಲ್ಲಿ ಸರಿಯಾಗಿ ಗೊತ್ತಾಗಲ್ಲ."

ಡಾಕ್ಟರು ತಲೆಯೆತ್ತಿ ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ. ಅವರು ಕೈಗವಸು ಕಳಚಿ ಜೇಬಿಗಿಟ್ಟುಕೊಂಡು, ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

"ಅನುಮಾನ ಇಟ್ಕೊಂಡು ಗಾಡಿ ಕೊಡಬಾರದು ಅಕ್ಕಾ. ಹೋಗಿ ನೋಡ್ಕೊಂಡು ಬನ್ನಿ," ಎಂದರು. ಕೊನೆಯ ಮಾತು ಕೇಳಿಸಿಕೊಳ್ಳಲು ಕಾರು ಅಲ್ಲಿರಲಿಲ್ಲ.