ಗೋಲಿಸೀಸೆಯ ಕರಿ ಉಂಗುರ

ಮೊದಲ ಬಸುರಿನಲ್ಲಿ ನನಗೆ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕಮಲಾಪುರದ ಅತ್ತೆಮನೆಯಲ್ಲಿ ಜೋಳದ ಅಂಬಲಿಯಿಂದ ಹಿಡಿದು ಆ ಊರಿನ ಕೆಂಪು ಬಾಳೆಹಣ್ಣಿನ ತನಕ ಏನು ಕೊಟ್ಟರೂ ಗಳಿಗೆಯಲ್ಲಿ ವಾಂತಿ. ಹೀಗೇ ಆದರೆ ಕೂಸು ಉಳಿಯುವುದು ಕಷ್ಟ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ನನ್ನ ನಾಲಿಗೆ ಬೇಡುತ್ತಿದ್ದುದು ಒಂದನ್ನೇ, ತವರೂರು ಕಲಬುರಗಿಯಲ್ಲಿ ಅಪ್ಪ ಕದ್ದುಮುಚ್ಚಿ ಕುಡಿಸುತ್ತಿದ್ದ ಗೋಲಿಸೋಡಾ.

ಕೇಳುವುದು ಯಾರನ್ನು? ನಮ್ಮತ್ತೆಯ ಮಡಿ ಊರಿಗೇ ಗೊತ್ತು. ಚರ್ಮವೆಂದರೆ ಮೈಲಿಗೆ, ಮಾವನವರ ಚಪ್ಪಲಿ ಅಂಗಳ ದಾಟಿ ಒಳಬಂದರೆ ಮನೆಯೆಲ್ಲ ಸಾರಿಸುವ ಹೆಂಗಸು. ನನಗಂತೂ ಆಕೆಯನ್ನು ಕಂಡರೆ ಸಿಟ್ಟು. ಯಜಮಾನರೇ ಧೈರ್ಯ ಮಾಡಿ ಬಾಯಿಬಿಟ್ಟರು. ಪೇಟೆಯಲ್ಲಿ ಯಾರೋ ತುಂಬಿದ ನೀರು ಒಳಗೆ ಬರಕೂಡದು, ತಾನೇ ಮಾಡುತ್ತೇನೆ ಅಂದಳಂತೆ.

ಬೆಲ್ಲದ ನೀರಿಗೆ ಶುಂಠಿ ಜಜ್ಜಿ ಹಾಕಿ, ಒಣದ್ರಾಕ್ಷಿ ಸೇರಿಸಿ ಹುಳಿಯಲು ಗಡಿಗೆಯಲ್ಲಿಟ್ಟಳು. ಗುಳ್ಳೆಗಳೇನೋ ಎದ್ದವು, ಆದರೆ ನಿಲ್ಲಬೇಕಲ್ಲ. ಕುಡಿಯುವಷ್ಟರಲ್ಲಿ ಎಲ್ಲ ಸಪ್ಪೆ. ಹೊಲಕ್ಕೆ ನೀರು ಒಯ್ಯುವ ಸೋರೆಬುರುಡೆಗೆ ತುಂಬಿ, ಮರದ ಬೆಣೆ ಜಡಿದು ಮೇಣ ಮೆತ್ತಿದಳು. ಒಂದು ಮಧ್ಯಾಹ್ನ ಬೆಣೆ ಹಾರಿ, ಗೂಟಕ್ಕೆ ತೂಗುಹಾಕಿದ್ದ ಮಾವನವರ ರುಮಾಲನ್ನು ಕೆಡವಿತು. ಮನೆಯಲ್ಲಿ ಸಿಂದಿ ಮಾಡುತ್ತಾರೆಂದು ನಿಜಾಮರ ಅಬಕಾರಿ ಸಿಪಾಯಿ ಬಂದಾನು ಎಂದು ಅವರು ಗೊಣಗಿದರು. ನಗಬೇಕೆಂದರೂ ನನಗೆ ತ್ರಾಣವಿರಲಿಲ್ಲ.

ಕೊನೆಗೆ ಯಜಮಾನರು ಕಲಬುರಗಿಯಿಂದ ಖಾಲಿ ಗೋಲಿಸೀಸೆ ತಂದರು. ತುಂಬಿ ತಲೆಕೆಳಗು ಮಾಡಿದರೆ ಗೋಲಿ ಬಂದು ಬಾಯಿಗೆ ಕೂರುತ್ತದೆ, ಒಳಗಿನ ಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ ಎಂದು ಸೋಡಾ ಅಂಗಡಿಯವನು ಹೇಳಿಕೊಟ್ಟಿದ್ದ. ಅತ್ತೆ ಸೀಸೆಯನ್ನು ಬೂದಿ ಹಚ್ಚಿ ತಿಕ್ಕಿದಳು, ತುಂಬಿದಳು, ಉಸುಕಿನಲ್ಲಿ ತಲೆಕೆಳಗಾಗಿ ಹೂತಿಟ್ಟಳು. ಮರುದಿನ ನೋಡಿದರೆ ಉಸುಕೆಲ್ಲ ಒದ್ದೆ, ಸುತ್ತ ಇರುವೆ, ಸೀಸೆ ಖಾಲಿ.

ಯಜಮಾನರು ಸೀಸೆಯ ಬಾಯೊಳಗೆ ಬೆರಳಾಡಿಸಿದರು. ಗೋಲಿ ಕೂರಬೇಕಾದ ಕರಿ ಉಂಗುರವೇ ಇಲ್ಲ! ಚರ್ಮದ್ದೆಂದು ತಿಳಿದು ಅತ್ತೆ ಅದನ್ನು ಕಿತ್ತು ಹಿತ್ತಿಲಿಗೆ ಎಸೆದಿದ್ದಳು. ಅದು ರಬ್ಬರು, ಗಿಡದ ಹಾಲಿನಿಂದ ಮಾಡಿದ್ದು ಎಂದು ಅವರು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಗಿಡದ ಹಾಲು ಹಾಗೆ ಜಗ್ಗುತ್ತದೆಯೇ ಎಂದು ಮುಖ ತಿರುಗಿಸಿದಳು. ಅದೇ ಹೊತ್ತಿಗೆ ನೀರಿಗೆಂದು ಎದ್ದ ನಾನು ಹೊಸ್ತಿಲಲ್ಲೇ ಕುಸಿದುಬಿದ್ದೆ.

ಎಚ್ಚರವಾದಾಗ ಅತ್ತೆ ಹಿತ್ತಿಲ ಕಸದಲ್ಲಿ ಬಗ್ಗಿ ಹುಡುಕುತ್ತಿದ್ದಳು. ಸಿಕ್ಕಿದ್ದನ್ನು ತೊಳೆದು, ಯಾರ ಕೈಗೂ ಕೊಡದೆ, ತಾನೇ ಸೀಸೆಯ ಬಾಯಿಗೆ ಕೂರಿಸಿದಳು. ಆಮೇಲೆ ತುಂಬಿಟ್ಟ ಸೀಸೆ ಸೋರಲಿಲ್ಲ. ಗೋಲಿ ಒತ್ತಿದ ದಿನ ನೊರೆ ಚುರ್ರೆಂದು ಉಕ್ಕಿ ಆಕೆಯ ಸೆರಗು ತೋಯಿತು. ನನಗೆ ಅಳು ಬಂತು. ಆಕೆಗೆ ಸಮಾಧಾನವಾಗಲೆಂದು, ಅದು ಚರ್ಮವಲ್ಲ ಎಂದು ನಾನೂ ಹೇಳಿದೆ.

"ಚರ್ಮನ ಅದ, ನನಗ ಗೊತ್ತದ," ಅಂದಳು ಅತ್ತೆ, ಲೋಟವನ್ನು ನನ್ನ ತುಟಿಗೆ ಹಿಡಿದು. "ಪಾಪ ಬಂದ್ರ ನನಗ ಬರ್ತದ. ನೀ ಕುಡಿಯವ್ವ."